ಹಾಡಿನ ಪೆಟ್ಟಿಗೆಗೆ ಮುಚ್ಚಳ ಇದ್ದ ಕಾಲ

ಹೋದ ದೀಪಾವಳಿಗೆ ಬೀರು ಒರೆಸುವಾಗ ನಮ್ಮ ಮನೆಯಲ್ಲಿ ಎರಡು ಹಾಡಿನ ಯಂತ್ರ ಸಿಕ್ಕವು. ಒಂದು, 2007ರ ಸುಮಾರಿಗೆ ಕೊಂಡಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ ಎಂಪಿ3 ಪ್ಲೇಯರ್. ಇನ್ನೊಂದು, ಅಮ್ಮ ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ, ಮೆಮೊರಿ ಕಾರ್ಡ್ ಹಾಕುವ ಎಫ್‌ಎಂ ಪೆಟ್ಟಿಗೆ. ಎರಡರ ಬ್ಯಾಟರಿಯೂ ಸತ್ತಿತ್ತು. ಪೆಟ್ಟಿಗೆಯ ಬೆನ್ನಿನ ಮುಚ್ಚಳ ಜಾರಿಸಿ, ನಮ್ಮ ತುಮಕೂರಿನ ಮಂಡಿಪೇಟೆ ಕಡೆಯಿಂದ ತಂದ ಹೊಸ ಬ್ಯಾಟರಿ ಕೂರಿಸಿದೆ. ಅರ್ಧ ನಿಮಿಷದ ಕೆಲಸ, ಹಾಡಿತು. ಪ್ಲೇಯರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮುಚ್ಚಳವೂ ಇಲ್ಲ, ತಿರುಪೂ ಇಲ್ಲ.

ಈ ಎರಡು ಯಂತ್ರಗಳ ನಡುವಿನ ವ್ಯತ್ಯಾಸವನ್ನೇ ಈಗ ದೆಹಲಿಯ ಸಮಿತಿಗಳೂ ಯುರೋಪಿನ ಕಾನೂನುಗಳೂ ಚರ್ಚಿಸುತ್ತಿವೆ. ದುರಸ್ತಿಯ ಹಕ್ಕು ಎಂದು ಒಬ್ಬರು, ಸುರಕ್ಷತೆ ಎಂದು ಇನ್ನೊಬ್ಬರು, ಇ-ತ್ಯಾಜ್ಯ ಎಂದು ಮತ್ತೊಬ್ಬರು ಒಂದೇ ವಿಷಯವನ್ನು ಮೂರು ಕಡೆಗೆ ಎಳೆಯುತ್ತಿದ್ದಾರೆ. ಅದಕ್ಕೇ ಮೊದಲಿಂದ ನೋಡುವುದು ಒಳ್ಳೆಯದು.

ಟ್ರಾನ್ಸಿಸ್ಟರ್ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಒಂದೂವರೆ ವೋಲ್ಟಿನ ದಪ್ಪ ಶೆಲ್ಲು ಟಾರ್ಚಿಗೂ ನಡೆಯುತ್ತಿತ್ತು, ರೇಡಿಯೋಗೂ ನಡೆಯುತ್ತಿತ್ತು. ಚಿಲ್ಲರೆ ಅಂಗಡಿಯಲ್ಲಿ ಬೀಡಿ, ಬೆಂಕಿಪೊಟ್ಟಣದ ಪಕ್ಕದಲ್ಲೇ ಸಿಗುತ್ತಿತ್ತು. ಮಂಕಾದ ಶೆಲ್ಲನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ಇಡುವುದು ನಮ್ಮ ಕಡೆಯ ಮಕ್ಕಳ ಪಾಲಿನ ಕೆಲಸ. ಅದು ಮೂಢನಂಬಿಕೆಯಲ್ಲ. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಕೆಲಸವಿಲ್ಲದೆ ಕೂತಾಗ ಅದಕ್ಕೆ ಒಂದಿಷ್ಟು ಚೇತರಿಕೆಯೂ ಸಿಗುತ್ತದೆ. ಸಂಜೆಯ ವಾರ್ತೆ ಕೇಳುವಷ್ಟು ಜೀವ ಬರುತ್ತಿತ್ತು. ಸ್ಪ್ರಿಂಗಿಗೆ ಕಿಲುಬು ಹಿಡಿದರೆ ಉಪ್ಪುಕಾಗದದಲ್ಲಿ ಉಜ್ಜಿದರಾಯಿತು. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದಾಗಲೂ ಅದರೊಳಗೆ ಕೂತದ್ದು ಎರಡು ಪೆನ್ಸಿಲ್ ಶೆಲ್ಲು. ಹಾಡು ಎಳೆದರೆ ಬೆಲ್ಟು ಸಡಿಲವಾಗಿದೆ, ದನಿ ಮಂಕಾದರೆ ಹೆಡ್ಡಿಗೆ ಕೊಳೆ ಕೂತಿದೆ ಎಂದು ಹೈಸ್ಕೂಲು ಹುಡುಗರಿಗೂ ಗೊತ್ತಿತ್ತು. ಸ್ಪಿರಿಟ್ ಅದ್ದಿದ ಹತ್ತಿ, ರೀಲು ಸುತ್ತಲು ಒಂದು ಪೆನ್ಸಿಲ್, ಇಷ್ಟಿದ್ದರೆ ಮನೆಯಲ್ಲೇ ಮುಗಿಯುತ್ತಿತ್ತು.

ತುಮಕೂರಿಗೆ ಇನ್ನೊಂದು ಬಲವೂ ಇತ್ತು. ಇಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳುಕಾಳಿನಷ್ಟು ತಿರುಪನ್ನು ಚಿಮಟದಲ್ಲಿ ಎತ್ತುವ ಕೈಗಳು ಈ ಊರಿನಲ್ಲಿದ್ದವು. ಸಣ್ಣ ಯಂತ್ರ ಬಿಚ್ಚುವುದೆಂದರೆ ಭಯಪಡುವ ಕೆಲಸವಲ್ಲ ಎಂಬ ಧೈರ್ಯ ಅಂಥ ಮನೆಗಳಿಂದ ಅಕ್ಕಪಕ್ಕದವರಿಗೂ ಹಬ್ಬುತ್ತದೆ. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು.

ತಿರುವು ಬಂದದ್ದು ಲಿಥಿಯಂನಿಂದ. ಸೋನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಹಗುರ, ಒಂದೇ ಕೋಶದಲ್ಲಿ 3.7 ವೋಲ್ಟು, ಬೇಕೆಂದರೆ ಬಿಸ್ಕತ್ತಿನಂತೆ ತೆಳ್ಳಗೂ ಮಾಡಬಹುದು. ಆದರೆ ಇದು ಶೆಲ್ಲಿನ ಹಾಗೆ ಒರಟು ಕೈಗೆ ಒಗ್ಗುವ ವಸ್ತುವಲ್ಲ. 4.2 ವೋಲ್ಟು ಮೀರಿ ಚಾರ್ಜ್ ಮಾಡಬಾರದು, ತೀರಾ ಕೆಳಗಿಳಿಯಲೂ ಬಿಡಬಾರದು, ಚುಚ್ಚಬಾರದು, ಮಡಚಬಾರದು. ಮುನ್ನೂರರಿಂದ ಐನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಸಾಮಾನ್ಯವಾಗಿ ಐದರಲ್ಲೊಂದು ಪಾಲು ಶಕ್ತಿ ಹೋಗಿರುತ್ತದೆ. ಬಳಸದೆ ಬೀರುವಿನಲ್ಲಿಟ್ಟರೂ ವಯಸ್ಸಾಗುತ್ತದೆ. ಅಂದರೆ ಯಂತ್ರದ ಮಿಕ್ಕೆಲ್ಲ ಭಾಗಕ್ಕಿಂತ ಮೊದಲು ಸಾಯುವುದು ಬ್ಯಾಟರಿ ಎಂಬುದು ತಯಾರಿಸುವ ದಿನವೇ ಗೊತ್ತಿರುವ ಸಂಗತಿ. ಗೊತ್ತಿದ್ದೂ ಅದನ್ನು ಮುಚ್ಚಿ ಅಂಟು ಹಾಕಿದ್ದು ಏಕೆ ಎಂಬುದೇ ಇಪ್ಪತ್ತು ವರ್ಷಗಳ ಜಗಳ.

1998ರಲ್ಲಿ ಬಂದ ರಿಯೊ ಎಂಬ ಎಂಪಿ3 ಪ್ಲೇಯರಿಗೆ ಒಂದು ಪೆನ್ಸಿಲ್ ಶೆಲ್ಲು ಸಾಕಾಗಿತ್ತು. ಅದರಲ್ಲಿದ್ದದ್ದು 32 ಎಂಬಿ ಜಾಗ, ಹತ್ತು ಹನ್ನೆರಡು ಹಾಡು ಹಿಡಿದರೆ ಹೆಚ್ಚು. 2001ರ ಅಕ್ಟೋಬರ್ 23ರಂದು ಆ್ಯಪಲ್ ತೋರಿಸಿದ ಐಪಾಡ್‌ನಲ್ಲಿ 5 ಜಿಬಿ ಇತ್ತು, ಸಾವಿರ ಹಾಡು ಜೇಬಿನಲ್ಲಿ. ಬ್ಯಾಟರಿಗೆ ಮುಚ್ಚಳ ಇರಲಿಲ್ಲ. ಎರಡು ವರ್ಷದಲ್ಲೇ ಬ್ಯಾಟರಿ ಸೋತವರ ದೂರು ದೊಡ್ಡದಾಯಿತು. 2003ರ ಕೊನೆಗೆ 99 ಡಾಲರಿಗೆ ಬ್ಯಾಟರಿ ಬದಲಿಸಿಕೊಡುವ ವ್ಯವಸ್ಥೆ ಬಂತು. ನ್ಯಾಯಾಲಯಕ್ಕೆ ಹೋದ, ಮೊದಲ ಮೂರು ಪೀಳಿಗೆಯ ಐಪಾಡ್ ಕೊಂಡಿದ್ದ ಗ್ರಾಹಕರ ಜೊತೆ 2005ರಲ್ಲಿ ರಾಜಿಯಾಗಿ, ಬದಲಿ ಬ್ಯಾಟರಿ ಅಥವಾ 50 ಡಾಲರಿನ ವೋಚರ್ ಕೊಡಲು ಒಪ್ಪಿಗೆಯಾಯಿತು. ಅದೇ ವರ್ಷ ಬಂದ ಐಪಾಡ್ ನ್ಯಾನೊದಲ್ಲಿ ಬ್ಯಾಟರಿಯ ತಂತಿಯನ್ನು ಬೋರ್ಡಿಗೇ ಸಾಲ್ಡರ್ ಮಾಡಿದ್ದರು. 2011ರ ನವೆಂಬರಿನಲ್ಲಿ ಆ ಮೊದಲ ನ್ಯಾನೊಗಳ ಬ್ಯಾಟರಿ ವಿಪರೀತ ಬಿಸಿಯಾಗಬಹುದೆಂದು ಕಂಪನಿಯೇ ವಾಪಸ್ ಕರೆಸಿಕೊಂಡಿತು. ಮುಚ್ಚಿಟ್ಟರೆ ಅಪಾಯ ಕಮ್ಮಿ ಎನ್ನುವ ವಾದಕ್ಕೂ, ಮುಚ್ಚಿಟ್ಟದ್ದೇ ತೊಂದರೆ ಎನ್ನುವ ವಾದಕ್ಕೂ ಇದೇ ಘಟನೆಯನ್ನು ಸಾಕ್ಷಿಯಾಗಿ ತರುವವರಿದ್ದಾರೆ.

ಅತ್ತ ಅಮೆರಿಕದಲ್ಲಿ ಈ ಜಗಳ ನಡೆಯುವಾಗ ಇತ್ತ ನಮ್ಮೂರಲ್ಲಿ ಬೇರೆಯೇ ಒಂದು ಪರಿಹಾರ ತಾನಾಗಿ ಬೆಳೆಯುತ್ತಿತ್ತು. ಅದನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ.

2003ರಲ್ಲಿ ನೋಕಿಯಾ 1100 ಬಂತು. ತಲೆಯಲ್ಲಿ ಟಾರ್ಚು ಇದ್ದ ಆ ಫೋನು ಹೊಲ, ತೋಟ, ಸಂತೆ ಎಲ್ಲ ಕಡೆ ಹೋಯಿತು. ಅದರೊಳಗಿನ ಬ್ಯಾಟರಿ ಬಿಎಲ್-5ಸಿ. ನೋಕಿಯಾದ ಹತ್ತಾರು ಮಾಡೆಲ್‌ಗಳಿಗೆ ಅದೇ ನಡೆಯುತ್ತಿದ್ದುದರಿಂದ ಗುಬ್ಬಿ, ಕುಣಿಗಲ್, ಮಧುಗಿರಿಯ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲೂ ಅದು ನೇತಾಡತೊಡಗಿತು. 2007ರ ಆಗಸ್ಟಿನಲ್ಲಿ ಅದರ ಒಂದು ಕಂತಿನ 4 ಕೋಟಿ 60 ಲಕ್ಷ ಬ್ಯಾಟರಿ ಚಾರ್ಜಿನಲ್ಲಿ ಬಿಸಿಯಾಗಬಹುದೆಂದು ಸೂಚನೆ ಬಂದಾಗ ಒಂದು ವಾರ ಎಲ್ಲರ ಬಾಯಲ್ಲೂ ಅದೇ ಮಾತು. ಜನ ಫೋನಿನ ಬೆನ್ನು ತೆಗೆದು ಬ್ಯಾಟರಿ ಮೇಲಿನ 26 ಅಕ್ಷರದ ಸಂಖ್ಯೆಯನ್ನು ಒಬ್ಬರಿಗೊಬ್ಬರು ಓದಿ ಹೇಳಿದರು. ಆ ಬ್ಯಾಟರಿ ಎಷ್ಟು ಮನೆಗಳಲ್ಲಿದೆ ಎಂಬುದು ನನಗೆ ಅರಿವಾದದ್ದು ಆ ವಾರದಲ್ಲೇ.

ಇನ್ನೊಂದನ್ನೂ ಗಮನಿಸಬೇಕು. ಅಪಾಯದ ಸುದ್ದಿ ಬಂದಾಗ ಜನ ಬ್ಯಾಟರಿಯನ್ನು ತಾವೇ ತೆಗೆದು ನೋಡಲು, ಸಂಶಯ ಬಂದರೆ ಬೇರೆಯಿಡಲು ಸಾಧ್ಯವಾದದ್ದು ಮುಚ್ಚಳ ಇದ್ದದ್ದರಿಂದ.

ಆಮೇಲೆ ಚೀನಾದಿಂದ ಹಾಡಿನ ಪೆಟ್ಟಿಗೆಗಳು ಬಂದವು. ಎಫ್‌ಎಂ, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲ ಹಿಡಿಯುವ ಅಂಗೈಯಗಲದ ಡಬ್ಬಿ. ಯಾವ ಕಂಪನಿಯದೆಂದು ಕೇಳಿದವರಿಲ್ಲ, ಹೆಸರಿದ್ದರೂ ಓದಿದವರಿಲ್ಲ. ಬೆನ್ನಿನ ಮುಚ್ಚಳ ತೆಗೆದರೆ ಒಳಗೆ ಬಿಎಲ್-5ಸಿ ಕೂರುವ ಗೂಡು. ಬ್ಯಾಟರಿಯ ಮೂರು ಹಲ್ಲುಗಳಲ್ಲಿ ಪೆಟ್ಟಿಗೆಗೆ ಬೇಕಾದದ್ದು ಎರಡೇ. ಸತ್ತ ಫೋನಿನ ಬ್ಯಾಟರಿ ಅಜ್ಜಿಯ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಬಿದ್ದು ಒಡೆದರೆ ಅದೇ ಬ್ಯಾಟರಿ ಮತ್ತೊಂದು ಪೆಟ್ಟಿಗೆಗೆ. ಕರೆಂಟಿಲ್ಲದ ತೋಟದ ಮನೆಯವರು ಎರಡು ಬ್ಯಾಟರಿ ಇಟ್ಟುಕೊಂಡು, ಒಂದನ್ನು ಕ್ಲಿಪ್ ಚಾರ್ಜರಿಗೆ ಕಚ್ಚಿಸಿ ಊರಿನ ಅಂಗಡಿಯಲ್ಲಿ ಬಿಟ್ಟು ಬರುತ್ತಿದ್ದರು. ತಿಪಟೂರು ಕಡೆ ಕೊಬ್ಬರಿ ಸುಲಿಯುವಲ್ಲಿ, ಗುಬ್ಬಿ ಕಡೆ ಅಡಿಕೆ ಸುಲಿಯುವಲ್ಲಿ, ಗೋಡೆಯ ಮೊಳೆಗೆ ನೇತುಹಾಕಿದ ಪೆಟ್ಟಿಗೆಯಲ್ಲಿ ಬೆಳಗಿನ ಜಾವ ದೇವರ ನಾಮ, ಹೊತ್ತೇರಿದ ಮೇಲೆ ಹಳೇ ಚಿತ್ರಗೀತೆ, ರಾತ್ರಿ ಹರಿಕಥೆ.

ಬ್ಯಾಟರಿ ಪರೀಕ್ಷಿಸುವ ವಿದ್ಯೆಯೂ ಹಾಗೆಯೇ ಹರಡಿತು. ಅಮ್ಮನಿಗೆ ವೋಲ್ಟು ಗೊತ್ತಿಲ್ಲ. ಆದರೆ ಬ್ಯಾಟರಿಯನ್ನು ನೆಲದ ಮೇಲಿಟ್ಟು ಬೆರಳಲ್ಲಿ ಒಂದು ಸುತ್ತು ತಿರುಗಿಸುತ್ತಾಳೆ. ಚಪ್ಪಟೆಯಿದ್ದರೆ ಅಲ್ಲೇ ನಿಲ್ಲುತ್ತದೆ, ಬುಗುರಿಯಂತೆ ತಿರುಗಿದರೆ ಹೊಟ್ಟೆ ಊದಿದೆ ಎಂದರ್ಥ. ಊದಿದ್ದನ್ನು ಮತ್ತೆ ಚಾರ್ಜಿಗೆ ಹಾಕುವಂತಿಲ್ಲ. ಹೊಸದು ಕೊಳ್ಳುವಾಗ ಅಂಗೈಯಲ್ಲಿ ತೂಗಿ, ತೀರಾ ಹಗುರವಿದ್ದರೆ ಡೂಪ್ಲಿಕೇಟ್ ಎಂದು ವಾಪಸ್ ಇಡುತ್ತಾಳೆ.

ಇದನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ತರಲಿಲ್ಲ. ಒಂದು ಕಂಪನಿಯ ಬ್ಯಾಟರಿ ಎಲ್ಲರ ಅಳತೆಯಾಯಿತು, ಹಳೇ ದಪ್ಪ ಶೆಲ್ಲಿನ ಹಾಗೆ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯರ ಕೈಗೆ ಕೊಡಲಾಗದು ಎಂದು ಯಾರಾದರೂ ಹೇಳಿದಾಗ ನನಗೆ ಈ ಪೆಟ್ಟಿಗೆಗಳೇ ನೆನಪಾಗುತ್ತವೆ. ಗಟ್ಟಿ ಕವಚ, ಒಳಗೇ ಒಂದು ರಕ್ಷಣೆಯ ಸರ್ಕ್ಯೂಟು, ಉಲ್ಟಾ ಕೂರದಂಥ ಗೂಡು, ಇಷ್ಟು ಕೊಟ್ಟರೆ ಸಾಮಾನ್ಯರು ಅದನ್ನು ವರ್ಷಗಟ್ಟಲೆ ಬಾಳಿಸಿ ತೋರಿಸಿದ್ದಾರೆ.

ಮುಚ್ಚಳ ಇಲ್ಲದ ಯಂತ್ರದ ಕತೆ ಬೇರೆ. ಪ್ಲೇಯರನ್ನು ಎತ್ತಿಕೊಂಡು ಪರಿಚಯದ ರಿಪೇರಿ ಅಂಗಡಿಗೆ ಹೋದೆ. “ಅಣ್ಣ, ಇದನ್ನ ಬಿಚ್ಚಕ್ಕಾಗುತ್ತಾ?” ಎಂದೆ. “ಬಿಚ್ತೀನಿ ಸಾ, ಕೇಸ್ ಸೀಳಿದ್ರೆ ಮಾತ್ರ ನನ್ನ ಕೇಳ್ಬೇಡಿ” ಎಂದರು. ಹೇರ್ ಡ್ರೈಯರ್‌ನಲ್ಲಿ ಅಂಚು ಬೆಚ್ಚಗೆ ಮಾಡಿ, ಹಳೇ ರೀಚಾರ್ಜ್ ಕಾರ್ಡಿನ ಮೂಲೆ ತೂರಿಸಿದರು. ಲೋಹದ ಸ್ಕ್ರೂಡ್ರೈವರ್ ಹಾಕಿದರೆ ಒಳಗಿನ ಬ್ಯಾಟರಿಗೆ ತಗುಲಿ ಹೊಗೆ ಬರಬಹುದು. ಟಕ್ ಟಕ್ ಎಂದು ನಾಲ್ಕು ಕೊಂಡಿ ಬಿಟ್ಟವು. ಬೆಳ್ಳಿ ಬಣ್ಣದ ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಅದರ ಮೇಲೆ 402030 ಎಂಬ ಸಂಖ್ಯೆ.

ಈ ಆರು ಅಂಕಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ದಪ್ಪ 4.0 ಮಿಲಿಮೀಟರ್, ಅಗಲ 20, ಉದ್ದ 30. ಅಷ್ಟೇ ಅಳತೆಯದ್ದು ಇಲ್ಲದಿದ್ದರೆ 302030 ಹಾಕಬಹುದು, ತಾಳಿಕೆ ಕಮ್ಮಿ. 502030 ಹಾಕಿದರೆ ಕವಚ ಬ್ಯಾಟರಿಯನ್ನು ಒತ್ತುತ್ತದೆ, ಅದು ಬೇಡ. ಅಂಗಡಿಯಲ್ಲಿ ಇರಲಿಲ್ಲ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಲು ನಾಲ್ಕು ದಿನ ಹಿಡಿಯಿತು. ಹಳೆಯದನ್ನು ತೆಗೆಯುವಾಗ ಅವರು ಕೆಂಪು ತಂತಿಯನ್ನಷ್ಟೇ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಆಮೇಲೆ ಕಪ್ಪು ತಂತಿಗೆ ಕತ್ತರಿ ಹಾಕಿದರು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಬಾಯಲ್ಲೇ ಶಾರ್ಟ್ ಆಗುತ್ತದೆ. ಹೊಸದನ್ನು ಮೀಟರಿಗೆ ಹಿಡಿದು ಪ್ಲಸ್ಸು ಮೈನಸ್ಸು ಖಚಿತ ಮಾಡಿಕೊಂಡು, ತಂತಿಗೆ ಮಾತ್ರ ಸಾಲ್ಡರ್ ಮುಟ್ಟಿಸಿದರು. ಐರನ್ನಿನ ಬಿಸಿ ಬ್ಯಾಟರಿಯ ಮೈಗೆ ತಾಕಲು ಬಿಡಲಿಲ್ಲ.

ನಾನು ಹಿಂದೊಮ್ಮೆ ಮನೆಯಲ್ಲೇ ಇಂಥ ಕೆಲಸಕ್ಕೆ ಕೈಹಾಕಿದ್ದೆ. ಅದು ಬೇರೊಂದು ಪ್ಲೇಯರ್, ಅದರ ಚಾರ್ಜಿಂಗ್ ಕೆಟ್ಟಿತ್ತು. ಟಿಪಿ4056 ಎಂಬ ಸಿದ್ಧ ಚಾರ್ಜಿಂಗ್ ಬೋರ್ಡ್ ತಂದು ಕೂರಿಸಿದೆ. ಅದು ತಯಾರಾಗಿ ಬರುವಾಗಲೇ ಒಂದು ಆಂಪಿಯರಿಗೆ ಹೊಂದಿಸಿರುತ್ತಾರೆ, ನನ್ನ ಬ್ಯಾಟರಿಯೋ 200 ಎಂಎಎಚ್‌ನ ಪುಟ್ಟದು, ಅಷ್ಟು ಕರೆಂಟು ತಾಳುವಂಥದ್ದಲ್ಲ. ಹತ್ತು ನಿಮಿಷದಲ್ಲಿ ಮುಟ್ಟಲಾಗದಷ್ಟು ಕಾದಿತ್ತು. ಕಿತ್ತು ಅಂಗಳದ ಮಣ್ಣಿಗೆ ಎಸೆದೆ. ಬೋರ್ಡಿನ ಒಂದು ಪುಟ್ಟ ರೆಸಿಸ್ಟರ್ ಬದಲಿಸಿದ್ದರೆ ಕರೆಂಟು ತಗ್ಗುತ್ತಿತ್ತು. ಅದನ್ನು ಹೇಳಿಕೊಡುವ ಒಂದು ಕಾಗದ ಆ ಪ್ಲೇಯರಿನ ಜೊತೆಯಲ್ಲಾಗಲಿ ಬೋರ್ಡಿನ ಜೊತೆಯಲ್ಲಾಗಲಿ ಇರಲಿಲ್ಲ.

ಇಂಥ ಕಾಗದವನ್ನು ಬೇರೆಯವರು ಬರೆದರು. ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲಿ ಶುರುವಾದ ಐಫಿಕ್ಸಿಟ್ ಎಂಬ ರಿಪೇರಿ ಜಾಲತಾಣ, ಬಿಚ್ಚುವ ವಿಧಾನವನ್ನು ಚಿತ್ರ ಸಮೇತ ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ಹಳೇ ಐಪಾಡ್‌ನ ಹಾರ್ಡ್‌ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಹಾಕುವವರು, ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ತುಂಬಿ ಹೊಸ ಜೀವ ಕೊಡುವವರು ಈಗಲೂ ಇದ್ದಾರೆ. 2022ರ ಮೇ 10ರಂದು ಐಪಾಡ್ ತಯಾರಿಕೆ ನಿಲ್ಲಿಸಿದ್ದಾಗಿ ಆ್ಯಪಲ್ ಹೇಳಿತು. ಅಷ್ಟರಲ್ಲಿ ಹಾಡು ಮೊಬೈಲಿಗೆ ಹೋಗಿಯಾಗಿತ್ತು. ಜೊತೆಗೆ ಬಂದ ಇಯರ್‌ಬಡ್ಸ್‌ನಲ್ಲಿ ಕಿವಿಗೊಂದರಂತೆ ಎರಡು, ಡಬ್ಬಿಗೊಂದು, ಒಟ್ಟು ಮೂರು ಬ್ಯಾಟರಿ. ಬಹುತೇಕ ಮಾಡೆಲ್‌ಗಳಲ್ಲಿ ಮೂರನ್ನೂ ಬಳಸುವವರು ತೆಗೆಯುವಂತಿಲ್ಲ.

ಕಾನೂನು ಈಚೆಗೆ ಎಚ್ಚೆತ್ತಿದೆ. ಫ್ರಾನ್ಸ್ 2021ರಿಂದ ಕೆಲವು ವಸ್ತುಗಳ ಮೇಲೆ ರಿಪೇರಿ ಎಷ್ಟು ಸುಲಭ ಎಂಬ ಅಂಕ ಮುದ್ರಿಸಲು ಹೇಳಿತು. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರುವರಿ 18ರಿಂದ ಇಂಥ ಯಂತ್ರಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಬಳಸುವವರೇ ಸಾಮಾನ್ಯ ಸಲಕರಣೆಯಲ್ಲಿ ತೆಗೆದು ಹಾಕುವಂತಿರಬೇಕು. ಬಿಸಿ ಮಾಡಿ, ದ್ರಾವಕ ಸುರಿದು ಬಿಡಿಸುವಂತಿರಬಾರದು. ಬದಲಿ ಬ್ಯಾಟರಿ ಕನಿಷ್ಠ ಐದು ವರ್ಷ ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳ ದುರಸ್ತಿ ಸೂಚ್ಯಂಕದ ಬಗ್ಗೆ 2025ರ ಮೇನಲ್ಲಿ ವರದಿ ಸಲ್ಲಿಕೆಯಾಯಿತು. ಮೊಬೈಲು, ಟ್ರ್ಯಾಕ್ಟರು, ಫ್ರಿಜ್ಜು, ಕಾರು ಎಲ್ಲದರ ಮಾತೂ ಆ ಚರ್ಚೆಯಲ್ಲಿ ಬರುತ್ತದೆ. ಅಡಿಕೆ ಸುಲಿಯುವವರ ಪಕ್ಕದಲ್ಲಿ ಹಾಡುವ ಪೆಟ್ಟಿಗೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಬರಬೇಕು. ಎಲ್ಲರಿಗೂ ಒಂದೇ ಅಳತೆ, ಬೆರಳಲ್ಲಿ ಜಾರುವ ಮುಚ್ಚಳ ಎಂಬ ವ್ಯವಸ್ಥೆಯನ್ನು ಈ ದೇಶದಲ್ಲಿ ನಡೆಸಿ ತೋರಿಸಿದ್ದು ಆ ಪೆಟ್ಟಿಗೆಯೇ.

ಸತ್ತ ಬ್ಯಾಟರಿಯ ವಿಲೇವಾರಿ ಇನ್ನೂ ಗೋಜಲು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಬ್ಯಾಟರಿಗಳಿಗೂ ಅನ್ವಯಿಸುತ್ತವೆ, ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಮಾರುಕಟ್ಟೆಗೆ ತಂದವರದು. ಆದರೆ ಹೆಸರೇ ಇಲ್ಲದ ಪೆಟ್ಟಿಗೆಯನ್ನು ತಂದವರು ಯಾರೆಂದು ಹುಡುಕುವುದು? ಪ್ಲೇಯರ್ ವಾಪಸ್ ತೆಗೆದುಕೊಳ್ಳಲು ಹೋದಾಗ ಅಂಗಡಿಯವರು ಮೇಜಿನ ಕೆಳಗಿನ ಪೇಂಟ್ ಡಬ್ಬ ಎಳೆದು ತೋರಿಸಿದರು. ತುಂಬಾ ಮರಳು, ಮರಳಿನಲ್ಲಿ ತುದಿಗೆ ಟೇಪು ಸುತ್ತಿದ ಊದಿದ ಬ್ಯಾಟರಿಗಳು. ಬಿಎಲ್-5ಸಿಗಳು, ಫೋನಿನವು, ಬ್ಲೂಟೂತ್ ಸ್ಪೀಕರಿನವು, ಜೊತೆಗೆ ನನ್ನದೂ ಒಂದು. ಕಸದ ಗಾಡಿಗೆ ಹಾಕಿದರೆ ಒತ್ತಿದಾಗ ಹೊತ್ತಿಕೊಳ್ಳುತ್ತದೆ ಎಂದು ಅವರು ಹಾಕುವುದಿಲ್ಲ.

“ಗುಜರಿಯೋರು ಬತ್ತಾರೆ ಸಾ, ಮೊಬೈಲ್ ಬೋರ್ಡೆಲ್ಲಾ ತೂಕ ಹಾಕಿ ತಗೊಂಡೋಯ್ತಾರೆ. ಇದನ್ನ ಮಾತ್ರ ಬೇಡ ಅಂತಾರೆ. ಇದು ಎರಡನೇ ಡಬ್ಬ.”