ದಿನಾ ಬರೆಯಬೇಕು ಅಂದುಕೊಳ್ಳುತ್ತೇನೆ, ಹತ್ತೇ ದಿನಕ್ಕೆ ನಿಲ್ಲುತ್ತೆ. ಏನು ಮಾಡಲಿ?

ಪ್ರಶ್ನೆ: ಪ್ರತಿ ಯುಗಾದಿಗೂ ಹೊಸ ನೋಟ್‌ಬುಕ್ ತರುತ್ತೇನೆ. ದಿನಾ ಎರಡು ಪುಟ ಅಂತ ಶುರು ಮಾಡುತ್ತೇನೆ. ಹತ್ತು ದಿನಕ್ಕೆ ನಿಂತೇಹೋಗುತ್ತೆ. ಗುರಿ ಹೇಗಿಟ್ಟುಕೊಳ್ಳಬೇಕು? ಹುಮ್ಮಸ್ಸು ಉಳಿಯೋದು ಹೇಗೆ?

ಉತ್ತರ: ಎರಡು ಪುಟ ಜಾಸ್ತಿ ಆಯ್ತು. ಐದು ಸಾಲು ಸಾಕು.

ನಗಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ಕೆರೆ ಕಟ್ಟಿಸಿದ ಸುದ್ದಿ ಹೇಳೋದು, ಅದು ಇರೋದೇ ಮೂರು ಸಾಲು. ಯುಗಾದಿ ದಿನದ ಹುರುಪಿನ ಅಳತೆಗೆ ಗುರಿ ಹೊಲಿಸಿಕೊಂಡರೆ, ಮನೆಗೆ ನೆಂಟರು ಬಂದ ದಿನ ಅದು ಮೈಗೆ ಹತ್ತಲ್ಲ. ಸುಸ್ತಾದ ದಿನದ ಅಳತೆ ತೆಗೆದುಕೊಳ್ಳಿ.

ಪದ ಎಣಿಸೋ ಗೋಜಿಗಂತೂ ಹೋಗಬೇಡಿ. ಅಮೆರಿಕದಲ್ಲಿ 1999ರಲ್ಲಿ ಒಂದು ಸವಾಲು ಶುರುವಾಯಿತು, ಒಂದೇ ತಿಂಗಳಲ್ಲಿ 50,000 ಪದ ಬರೆಯೋದು; ಮಾರನೇ ವರ್ಷದಿಂದ ಅದಕ್ಕೆ ನವೆಂಬರ್ ತಿಂಗಳು ಅಂತಾಯಿತು. ದಿನಕ್ಕೆ ಸುಮಾರು 1,667. ಅದು ಇಂಗ್ಲಿಷಿನ ಲೆಕ್ಕ. ನಮ್ಮಲ್ಲಿ ‘ಬರೆಯಬೇಕಾಗಿತ್ತಲ್ಲ’ ಅಂದರೆ ಒಂದೇ ಪದ! ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕೈದು ಬೇಕು. ಆ ಲೆಕ್ಕ ಹಿಡಿದು ಕನ್ನಡ ಬರೆದರೆ ಸುಮ್ನೆ ಸೋತ ಹಾಗೆ ಅನಿಸುತ್ತೆ.

ಎಷ್ಟು ಬರೆಯೋದು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬರೀ ‘ಮಾಡುತ್ತೇನೆ’ ಅನ್ನೋದಕ್ಕಿಂತ ‘ಇದು ಆದ ತಕ್ಷಣ ಅದು ಮಾಡುತ್ತೇನೆ’ ಅಂತ ಗಂಟು ಹಾಕಿದರೆ ಕೆಲಸ ಆಗೋದು ಹೆಚ್ಚು. ನನ್ನ ಗಂಟು ಇದು: ರಾತ್ರಿ ಊಟದ ತಟ್ಟೆ ತೊಳೆದಿಟ್ಟ ತಕ್ಷಣ ಅಡುಗೆಮನೆ ಕಟ್ಟೆ ಮೇಲೇ ನೋಟ್‌ಬುಕ್ ತೆರೆಯುತ್ತೇನೆ. ಕೂತರೆ ಮೊಬೈಲ್ ಕೈಗೆ ಬರುತ್ತೆ, ಅದಕ್ಕೇ ನಿಂತೇ ಬರೆಯೋದು.

ಇನ್ನು ನಿಮ್ಮ ಹತ್ತು ದಿನದ ವಿಷಯ. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ 96 ಜನರ ಮೇಲೆ ಒಂದು ಅಧ್ಯಯನ ನಡೆಯಿತು. 2010ರಲ್ಲಿ ಅಚ್ಚಾಯಿತು. ಒಂದು ಹೊಸ ಅಭ್ಯಾಸ ತಾನಾಗಿ ನಡೆಯೋ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254ರಷ್ಟು. ಅಂದರೆ ಹತ್ತನೇ ದಿನ ಕಷ್ಟ ಅನಿಸೋದು ನಿಮ್ಮ ಸೋಮಾರಿತನ ಅಲ್ಲ. ಮಧ್ಯೆ ಒಂದು ದಿನ ತಪ್ಪಿದರೂ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲವಂತೆ. ತಪ್ಪಿದ ದಿನದ ಸಾಲನ್ನು ಬಡ್ಡಿ ಸಮೇತ ತೀರಿಸೋಕೆ ಹೋಗಬೇಡಿ. ನಾನು ಹಾಗೆ ಮಾಡಿಯೇ ಎರಡು ನೋಟ್‌ಬುಕ್ ರದ್ದಿಗೆ ಹಾಕಿದ್ದೇನೆ.

ಹುಮ್ಮಸ್ಸು? ಅದು ಮೇಜಿನ ಮುಂದೆ ಸಿಗೋದು ಕಮ್ಮಿ. ದಾವಣಗೆರೆಯಲ್ಲೇ ಇದ್ದೀರಿ, ಒಂದು ಸಂಜೆ ಮಂಡಕ್ಕಿ ಭಟ್ಟಿ ಕಡೆ ಹೋಗಿ ಬನ್ನಿ. ‘ಬಡವರ ಬದುಕು’ ಅಂತೆಲ್ಲ ಬರೆಯಬೇಡಿ. ಕಾದ ಮರಳಲ್ಲಿ ಅಕ್ಕಿ ಅರಳುವಾಗ ಯಾವ ಸದ್ದು ಬರುತ್ತೆ? ಹೊಗೆ ಯಾವ ದಿಕ್ಕಿಗೆ ಹೋಗುತ್ತೆ? ಜರಡಿ ಹಿಡಿದವರು ಬೆವರು ಒರೆಸೋದು ಯಾವ ಕೈಯಲ್ಲಿ? ಮೂರಕ್ಕೂ ಉತ್ತರ ಬರೆದರೆ ಐದು ಸಾಲು ಆಗೇ ಹೋಯಿತು. ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗೋರಾದರೆ ಕಿವಿಗೆ ಬಿದ್ದ ಒಂದು ಮಾತು ತಂದರೂ ಆದೀತು.

ಇನ್ನೊಂದು ಉಪಾಯ ಇದೆ, ನನಗೆ ಎಲ್ಲಕ್ಕಿಂತ ಇಷ್ಟ. ಬರೆಯೋದು ಸಲೀಸಾಗಿ ಸಾಗುತ್ತಿರುವಾಗಲೇ, ವಾಕ್ಯ ಅರ್ಧ ಇರುವಾಗಲೇ ಪೆನ್ನು ಮುಚ್ಚಿ. ಮಾರನೇ ದಿನ ಖಾಲಿ ಹಾಳೆ ಎದುರಾಗಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ನಿನ್ನೆ ರಾತ್ರಿಯ ಸಾಲು ಹೀಗೆ ನಿಂತಿದೆ: ‘ಭಟ್ಟಿ ಪಕ್ಕದ ಮನೆಯಾಕೆ ಬೆಳಿಗ್ಗೆ ಒಣಹಾಕಿದ ಬಿಳಿ ಸೀರೆ, ಸಂಜೆ ತೆಗೆಯುವಷ್ಟರಲ್ಲಿ’