ದಾರಿ ಸಿಗದ ನೀರು

ಮೂರು ಕಿಲೋಮೀಟರ್ ಆಳದ ಮರಳುಗಲ್ಲಿನ ರಂಧ್ರಗಳಲ್ಲಿ ಒತ್ತಡ ಎಷ್ಟಿರಬೇಕು? ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ಮೇಲ್ಮೈವರೆಗೆ ದಾರಿಯಿದ್ದರೆ ಲೆಕ್ಕ ಸುಲಭ: ನೀರಿನ ಕಂಬದ ತೂಕವಷ್ಟೇ, ಸುಮಾರು 300 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಮೇಲಿನ ಬಂಡೆಗಳ ತೂಕ ಇದರ ಎರಡು ಪಟ್ಟಿಗೂ ಹೆಚ್ಚು. ಆದರೆ ಅದರ ಬಹುಪಾಲನ್ನು ಕಣಗಳು ಒಂದಕ್ಕೊಂದು ಆತು ಹೊರುತ್ತವೆ. ನೀರಿಗೆ ಆ ಗೊಡವೆಯಿಲ್ಲ.

ನೀರಿನ ದಾರಿ ಮುಚ್ಚಿದಾಗ ಲೆಕ್ಕ ಕೆಡುತ್ತದೆ. ನದಿಗಳು ತಂದು ಸುರಿಯುವ ಜೇಡಿ ಹೂತುಹೋಗುತ್ತಾ ಹಿಂಡಿಕೊಳ್ಳಬೇಕು, ಒಳಗಿನ ನೀರು ಹೊರಬರಬೇಕು. ಜೇಡಿಯ ರಂಧ್ರಗಳೋ ಅತಿ ಸೂಕ್ಷ್ಮ. ನೀರು ನುಸುಳುವ ವೇಗಕ್ಕಿಂತ ಹೂಳು ಬೀಳುವ ವೇಗ ಹೆಚ್ಚಾದರೆ, ಕಣಗಳು ಹೊರಬೇಕಾದ ಭಾರ ನೀರಿನ ತಲೆಯ ಮೇಲೆ ಬೀಳುತ್ತದೆ. ನಡುವೆ ಸಿಲುಕಿದ ಮರಳುಗಲ್ಲಿನ ತೈಲಾಶಯಕ್ಕೂ ಅದೇ ಒತ್ತಡ ದಾಟುತ್ತದೆ. ನೀರಿನ ಕಂಬದ ತೂಕವನ್ನು ಮೀರಿದ ಈ ಒತ್ತಡವೇ ಹೆಚ್ಚೊತ್ತಡ.

ಬೇರೆ ಕಾರಣಗಳೂ ಇವೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿಖನಿಜ ಇಲೈಟ್ ಆಗಿ ಬದಲಾಗುತ್ತಾ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಇನ್ನೂ ಆಳದಲ್ಲಿ ತೈಲ ಒಡೆದು ಅನಿಲವಾಗಿ, ಇದ್ದ ಜಾಗ ಸಾಲದಾಗುತ್ತದೆ. ಕಾದ ನೀರು ಹಿಗ್ಗುವುದನ್ನೂ ಕೆಲವರು ದೊಡ್ಡ ಕಾರಣವೆನ್ನುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಆ ಹಿಗ್ಗುವಿಕೆಯ ಒತ್ತಡ ಇಳಿಯಲು ಚೂರು ಸೋರಿಕೆ ಸಾಕು, ಚೂರೂ ಸೋರದ ಬಂಡೆ ಬಲು ಅಪರೂಪ.

ಹಾಗಾಗಿಯೇ ಹೆಚ್ಚೊತ್ತಡ ಮುಖ್ಯವಾಗಿ ಎಳೆಯ ಶಿಲೆಗಳ ಸೊತ್ತು. ಮೆಕ್ಸಿಕೋ ಕೊಲ್ಲಿ, ನೈಜರ್ ಮುಖಜಭೂಮಿ, ದಕ್ಷಿಣ ಕ್ಯಾಸ್ಪಿಯನ್, ಎಲ್ಲೆಡೆ ದಪ್ಪ ಹೂಳು ಬೇಗ ಬೇಗ ಬಿದ್ದಿದೆ. ಕ್ಯಾಸ್ಪಿಯನ್ ದಡದ ಅಜರ್‌ಬೈಜಾನಿನಲ್ಲಂತೂ ಒತ್ತಡ ಕೆಸರಿನ ಜ್ವಾಲಾಮುಖಿಗಳಾಗಿ ನೆಲದ ಮೇಲೆಯೇ ಕಾಣಿಸುತ್ತದೆ. ಉತ್ತರ ಸಮುದ್ರದ ನಡುಭಾಗದಲ್ಲಿ ಜುರಾಸಿಕ್ ಕಾಲದ ಶಿಲೆಗಳಲ್ಲೂ ಇದು ಸಿಗುತ್ತದೆ. ಆದರೆ ಅಲ್ಲಿಯೂ ಮೇಲಿನ ಹೂಳು ಇತ್ತೀಚಿನದು.

ತೈಲಬಾವಿ ಕೊರೆಯುವವರಿಗೆ ಹೆಚ್ಚೊತ್ತಡದ ಮುನ್ಸೂಚನೆ ಸಣ್ಣ ವಿಷಯಗಳಲ್ಲಿ ಬರುತ್ತದೆ. ಮೆಲ್ಲಗೆ ಇಳಿಯುತ್ತಿದ್ದ ಕೊರೆತ ಏಕಾಏಕಿ ಚುರುಕಾಗುತ್ತದೆ, ಒತ್ತಡ ತಡೆಯಲು ಬಾವಿಯೊಳಗೆ ಹರಿಸುವ ಕೊರೆತದ ಕೆಸರು ಮೇಲೆ ಬರುವಾಗ ಅದರಲ್ಲಿ ಅನಿಲ ಹೆಚ್ಚುತ್ತದೆ, ಜರಡಿಯ ಮೇಲೆ ಬಾವಿಯ ಗೋಡೆಯಿಂದ ಸಿಡಿದ ಉದ್ದನೆಯ, ಚೂಪಾದ ಜೇಡಿಶಿಲೆಯ ಸೀಳುಗಳು ಬಂದು ಬೀಳುತ್ತವೆ. ಆಗ ಬೆರೈಟ್ ಎಂಬ ಭಾರದ ಖನಿಜದ ಪುಡಿ ಬೆರೆಸಿ ಕೆಸರನ್ನು ಭಾರವಾಗಿಸಬೇಕು. ಅದೂ ಮಿತಿಯಲ್ಲೇ. ಕಡಿಮೆಯಾದರೆ ಬಾವಿ ಉಕ್ಕುತ್ತದೆ, ಹೆಚ್ಚಾದರೆ ಬಂಡೆ ಬಿರಿದು ಕೆಸರು ಅದರೊಳಗೆ ಇಂಗುತ್ತದೆ. ಒತ್ತಡ ಏರಿದಷ್ಟೂ ಈ ಎರಡರ ನಡುವಿನ ಅಂತರ ಕಿರಿದಾಗುವುದರಿಂದ, ಇಂಥ ಬಾವಿಗಳಿಗೆ ಹಂತಹಂತವಾಗಿ ಉಕ್ಕಿನ ಕೊಳವೆ ಇಳಿಸಿ, ಸಿಮೆಂಟ್ ಹಾಕಿ ಮುಂದೆ ಕೊರೆಯುತ್ತಾರೆ.