ಏಳನೇ ನಂಬರ್ ಯಾಕೆ ಯಾವಾಗಲೂ ಖಾಲಿ?

ಶ್ರೀರಂಗಪಟ್ಟಣದ ಅಂಗಡಿಗಳ ಮೇಲೆ ಅಲ್ಲಿನವರ ದೂರು ಹಳೆಯದು. ಕೇಳಿದ ಸೈಜ್ ಇರಲ್ಲ, ಕೇಳಿದ ಬಣ್ಣ ಇರಲ್ಲ. 'ನಾಳೆ ಬರುತ್ತೆ, ಬನ್ನಿ' ಅಂತಾರೆ. ನಾಳೆಯೂ ಬಂದಿರಲ್ಲ. ಸುತ್ತ ಕಾವೇರಿ ಹರಿಯುವ ಊರು ನಿಜ. ಆದರೆ ಮೈಸೂರು 15 ಕಿಲೋಮೀಟರ್ ಆಚೆಗಷ್ಟೇ ಇದೆ, ಸಂತೆಪೇಟೆಯ ಹೋಲ್‌ಸೇಲ್ ಅಂಗಡಿಗಳಿಗೆ ಹೋಗಿ ಬರೋದು ಅರ್ಧ ದಿನದ ಕೆಲಸ. ಹಾಗಿದ್ದೂ ಸಾಮಾನು ಯಾಕಿಲ್ಲ?

ಅಂಗಡಿಯವರಿಗೆ ಸೋಮಾರಿತನ ಅಂದುಬಿಡೋದು ಸುಲಭ. ಇಂಥ ಅಂಗಡಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ಹಾಕಿಕೊಡೋದೇ ನನ್ನ ಕಸುಬು. ಅವರ ಪುಸ್ತಕ ತೆರೆದರೆ ಕಾಣೋದು ಬೇರೆ. ಅಂಗಡಿ ತುಂಬ ಸ್ಟಾಕ್ ಇದೆ. ಬೇಕಾದ ಸ್ಟಾಕ್ ಇಲ್ಲ, ಅಷ್ಟೇ.

ಚಪ್ಪಲಿ ಅಂಗಡಿಯನ್ನೇ ತಗೊಳ್ಳಿ. ಹೋಲ್‌ಸೇಲ್‌ನಲ್ಲಿ ಚಪ್ಪಲಿಯನ್ನು ಬಿಡಿಯಾಗಿ ಕೊಡೋದು ಕಮ್ಮಿ, ಸೆಟ್ ಲೆಕ್ಕದಲ್ಲೇ ಕೊಡುತ್ತಾರೆ. ಒಂದು ಮಾಡೆಲ್‌ನಲ್ಲಿ ಆರರಿಂದ ಹತ್ತನೇ ನಂಬರಿನ ತನಕ ಒಂದು ಸೆಟ್. ಸುಲಭಕ್ಕೆ ಹತ್ತು ಜೊತೆ ಅಂದುಕೊಳ್ಳೋಣ. ಜೊತೆಗೆ 300 ರೂಪಾಯಿಯಂತೆ 3,000 ಕೊಟ್ಟು ತಂದರು. 400ಕ್ಕೆ ಮಾರುತ್ತಾರೆ. ಏಳು, ಎಂಟು, ಒಂಬತ್ತು ಬೇಗ ಹೋಗುತ್ತವೆ. ಒಟ್ಟು ಏಳು ಜೊತೆ ಹೋಯಿತು, 2,800 ರೂಪಾಯಿ ಬಂತು. ಆರು ಮತ್ತು ಹತ್ತನೇ ನಂಬರಿನ ಮೂರು ಜೊತೆ ಉಳಿಯಿತು.

ಲೆಕ್ಕದ ಪುಸ್ತಕದಲ್ಲಿ ಇದು 700 ರೂಪಾಯಿ ಲಾಭ. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಹಾಕಿದ್ದಕ್ಕಿಂತ 200 ರೂಪಾಯಿ ಕಮ್ಮಿ! ಬಾಡಿಗೆ, ಕರೆಂಟ್ ಬಿಲ್, ಮನೆ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈಗ ಏಳನೇ ನಂಬರ್ ಕೇಳಿಕೊಂಡು ಗಿರಾಕಿ ಬರುತ್ತಾರೆ. ಅದನ್ನು ತರಬೇಕಾದರೆ ಮತ್ತೆ ಇಡೀ ಸೆಟ್ ತರಬೇಕು. ತಂದರೆ ಮತ್ತೆ ಮೂರು ಜೊತೆ ಅಟ್ಟ ಸೇರುತ್ತೆ. ಐದು ಸಲ ಹೀಗಾದರೆ 15 ಜೊತೆ, 4,500 ರೂಪಾಯಿ. ಹತ್ತು ಮಾಡೆಲ್ ಇಟ್ಟಿದ್ದರೆ 45,000. ಸಣ್ಣ ಅಂಗಡಿಗೆ ಇದು ತಿಂಗಳುಗಟ್ಟಲೆ ಬಾಡಿಗೆ ದುಡ್ಡು. ಅದು ಅಟ್ಟದ ಮೇಲೆ ಧೂಳು ತಿನ್ನುತ್ತಾ ಕೂತಿದೆ. ಹಾಗಾಗಿ ಹೊಸ ಸೆಟ್ಟಿಗೆ ಕೈಯಲ್ಲಿ ದುಡ್ಡಿಲ್ಲ, 'ನಾಳೆ ಬರುತ್ತೆ' ಅನ್ನದೆ ಬೇರೆ ದಾರಿಯಿಲ್ಲ. ರೆಡಿಮೇಡ್ ಬಟ್ಟೆ, ಒಳ ಉಡುಪು, ಸ್ಕೂಲ್ ಶೂ, ಎಲ್ಲದರದ್ದೂ ಇದೇ ಪಾಡು.

ಮೊದಲೂ ಹೀಗೇ ಇತ್ತಲ್ವಾ ಅಂತ ನೀವು ಕೇಳಬಹುದು. ಇತ್ತು. ಆದರೆ ಗಿರಾಕಿ ಕಾಯುತ್ತಿದ್ದರು. ಒಂದು ಜೊತೆ ಚಪ್ಪಲಿಗೆ ಬಸ್ ಚಾರ್ಜ್ ಕೊಟ್ಟು ಮೈಸೂರಿಗೆ ಯಾರು ಹೋಗ್ತಾರೆ? ಎರಡು ದಿನ ತಡೆದುಕೊಳ್ಳುತ್ತಿದ್ದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಮನೆ ಸಾಮಾನು ಆರಿಸೋದು ಹೆಚ್ಚಾಗಿ ಅವರೇ. ಹೋಗಿ ನಾಲ್ಕು ಅಂಗಡಿ ನೋಡಿ ತರುತ್ತಾರೆ, ಅದರಲ್ಲಿ ತಪ್ಪೇನಿದೆ? ಯೋಜನೆಯನ್ನು ಬೈಯುವ ವ್ಯಾಪಾರಿಗಳ ಜೊತೆ ನಾನಿಲ್ಲ. ಅವರ ಮನೆಯವರೂ ಅದೇ ಬಸ್ಸಿನಲ್ಲಿ ಹೋಗುತ್ತಾರೆ. ಆದರೆ ಗಿರಾಕಿ ಕಾಯುತ್ತಿದ್ದ ಆ ಎರಡು ದಿನ ಹೋಯಿತು, ಅಂಗಡಿ ಉಸಿರಾಡುತ್ತಿದ್ದದ್ದೇ ಅದರ ಮೇಲೆ.

ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿತ್ತು. ಶ್ರೀರಂಗಪಟ್ಟಣಕ್ಕೂ ಬೈಪಾಸ್ ಬಂತು. ಹಳೇ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನೀರಿನ ಬಾಟಲಿ, ಬಿಸ್ಕೆಟ್, ಮಗುವಿಗೊಂದು ಟೋಪಿ ತಗೊಳ್ಳುತ್ತಿದ್ದವರಲ್ಲಿ ಬಹಳ ಜನ ಈಗ ಊರೊಳಗೆ ಬರೋದೇ ಇಲ್ಲ. ಇನ್ನು ಪ್ರವಾಸಿಗರು. ದರಿಯಾ ದೌಲತ್, ಗುಂಬಜ್, ಸಂಗಮ ಅಂತ ಒಂದರಿಂದ ಇನ್ನೊಂದಕ್ಕೆ ಗಾಡಿಯಲ್ಲೇ ಹೋಗುತ್ತಾರೆ. ಪೇಟೆ ಬೀದಿಗೆ ಕಾಲಿಡೋದು ಅಪರೂಪ.

ಅಂಗಡಿ ದೊಡ್ಡದು ಮಾಡಿ, ಪಾರ್ಕಿಂಗ್ ಮಾಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ಈ ಊರಲ್ಲಿ ಅದು ಸುಮ್ನೆ ಮಾತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿಂದಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಹೆಜ್ಜೆಗೊಂದು ಸ್ಮಾರಕ ಇರೋ ಊರಲ್ಲಿ ಗೋಡೆ ಒಡೆದು ಷೋರೂಂ ಮಾಡೋಕೆ ಜಾಗ ಎಲ್ಲಿದೆ?

ಇನ್ನೊಂದು ಕಿರಿಕಿರಿ ಸ್ಕ್ಯಾನರ್‌ದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ರಾಜ್ಯದ ಎಷ್ಟೋ ಕಡೆ 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಬಿತ್ತು. ಆ ಭಯ ಇನ್ನೂ ಕೆಲವರಲ್ಲಿದೆ. ಗಿರಾಕಿ ಜೇಬಲ್ಲಿ ಕ್ಯಾಶ್ ಇರಲ್ಲ, ಬೇಜಾರಾಗಿ ಎದ್ದು ಹೋಗುತ್ತಾರೆ. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ದೊಡ್ಡ ಮೊತ್ತ ಅನಿಸುತ್ತೆ. ದಿನಕ್ಕೆ ಭಾಗಿಸಿ ನೋಡಿ, ಹತ್ತಿರ ಹತ್ತಿರ 11,000. ಸುಮಾರಾಗಿ ನಡೆಯೋ ದಿನಸಿ ಅಂಗಡಿ ಇಷ್ಟು ಮಾರುತ್ತೆ. ತೆರಿಗೆ ಇರುವ ಸಾಮಾನಿನ ಜೊತೆ ತೆರಿಗೆ ಇಲ್ಲದ ಹಾಲು, ತರಕಾರಿ ಮಾರಿದರೆ ಅದೂ ಈ ಮಿತಿಗೆ ಸೇರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಕ್ಯೂಆರ್ ಸ್ಟಿಕ್ಕರ್ ಕಿತ್ತರೆ ವಹಿವಾಟು ಕಮ್ಮಿ ಆಗಲ್ಲ, ಗಿರಾಕಿ ಕಮ್ಮಿ ಆಗ್ತಾರೆ. ನೋಂದಣಿ ಮಾಡಿಸಿ, ಚೀಟಿ ದುಡ್ಡು, ಮನೆ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ.

ನೋಂದಣಿಯಲ್ಲೂ ಒಂದು ಆಯ್ಕೆ ಇದೆ. ಕಾಂಪೊಸಿಷನ್‌ಗೆ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಗೆ ಹೋದರೆ, ತೆರಿಗೆ ಇರುವ ಸಾಮಾನಿನ ವಹಿವಾಟಿನ ಶೇಕಡಾ 1 ಕಟ್ಟಿದರೆ ಸಾಕು, ತಲೆನೋವು ಕಮ್ಮಿ. ಆದರೆ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ. ಕೊಂಡವರಿಗೆ ಆ ತೆರಿಗೆ ವಾಪಸ್ ಹೊಂದಿಸಿಕೊಳ್ಳೋಕೆ ಆಗಲ್ಲ. ಕಾಂಟ್ರಾಕ್ಟರ್ ಆಗಲಿ, ಕಂಪನಿಯವರಾಗಲಿ ಪೇಂಟು, ಪೈಪು, ಸ್ವಿಚ್ಚು ತಗೊಳ್ಳೋಕೆ ಮೈಸೂರಿಗೆ ಓಡೋದಕ್ಕೆ ಇದೂ ಒಂದು ಕಾರಣ. ದಿನಸಿ ಅಂಗಡಿಗೆ ಕಾಂಪೊಸಿಷನ್ ಸರಿ. ಹಾರ್ಡ್‌ವೇರ್ ಅಂಗಡಿಗೆ ಸಾಮಾನ್ಯವಾಗಿ ನಾನು ಬೇಡ ಅಂತೀನಿ.

ಚಪ್ಪಲಿ ವಿಷಯಕ್ಕೆ ಬಂದರೆ, ಅಟ್ಟದ ಮೇಲಿನ ಆರು ಮತ್ತು ಹತ್ತನೇ ನಂಬರನ್ನು 250ಕ್ಕಾದರೂ ಮಾರಿಬಿಡಿ ಅಂತೀನಿ. 'ಅಸಲಿಗಿಂತ ಕಮ್ಮಿಗೆ ಹೆಂಗೆ ಸಾರ್?' ಅಂತ ಎಲ್ಲರೂ ಕೇಳ್ತಾರೆ. ಜೊತೆಗೆ 50 ಹೋದರೂ 250 ಕೈಗೆ ಬರುತ್ತೆ, ಅದು ಏಳನೇ ನಂಬರ್ ಆಗಿ ವಾರದಲ್ಲಿ ತಿರುಗುತ್ತೆ. ಇನ್ನೊಂದು ದಾರಿ, ಎರಡು ಮೂರು ಅಂಗಡಿಯವರು ಸೇರಿ ಒಂದು ಸೆಟ್ ತಂದು ಸೈಜ್ ಹಂಚಿಕೊಳ್ಳೋದು. ಎದುರುಬದುರು ಅಂಗಡಿಯವರು ಇದಕ್ಕೆ ಒಪ್ಪಲ್ಲ. ಗಂಜಾಂನವರು ಒಬ್ಬರು, ಕೋಟೆ ಒಳಗಿನವರು ಒಬ್ಬರು ಆದರೆ ಒಪ್ಪಬಹುದು.

ಮತ್ತೆ ಗಲ್ಲಾ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿದ್ದು, ನಮ್ಮಲ್ಲಿ ಇಲ್ಲದ್ದು, ಎರಡನ್ನೂ ಆಗಲೇ ಬರೆಯಿರಿ. ಕೊಳ್ಳೋಕೆ ಬಂದವರಿಗೂ ಒಂದು ಮಾತು. ಇಲ್ಲ ಅಂದ ತಕ್ಷಣ ಎದ್ದು ಹೋಗಬೇಡಿ. 'ಅಣ್ಣಾ, ಏಳನೇ ನಂಬರ್, ಕಂದು ಬಣ್ಣ, ಬರೆದುಕೊಳ್ಳಿ' ಅಂದು ಫೋನ್ ನಂಬರ್ ಕೊಟ್ಟು ಬನ್ನಿ. ನಾಲ್ಕು ಜನ ಹೀಗೆ ಬರೆಸಿದರೆ ಸೆಟ್ ತರೋಕೆ ಅವರಿಗೂ ಧೈರ್ಯ ಬರುತ್ತೆ.